ವಸತಿ, ಬಸದಿ, ವಸ್ತಿ: ಗೋಕಾಕ ಸೀಮೆಯ ಯಾತ್ರಿಕರೂ ಪಟ್ಟಣದ ಬಿಡದಿಗಳೂ

ಕನ್ನಡದ ‘ಬಸದಿ’ ಎಂಬುದು ಸಂಸ್ಕೃತದ ‘ವಸತಿ’ ಶಬ್ದದ ತದ್ಭವ. ವಸತಿ ಎಂದರೆ ವಾಸಿಸುವ ಎಡೆ, ತಂಗುದಾಣ. ಜಿನಬಿಂಬವನ್ನು ಪ್ರತಿಷ್ಠಾಪಿಸಿದ ಆಲಯಕ್ಕೇ ಈ ಹೆಸರು ನಿಂತುಹೋದದ್ದು ಅರ್ಥಸಂಕೋಚಕ್ಕೆ ಒಂದು ಒಳ್ಳೆಯ ನಿದರ್ಶನ. ಆದರೆ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಆಡುಮಾತು ಹಳೆಯ ಅರ್ಥವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಅಲ್ಲಿ ಜಿನಮಂದಿರ ‘ಬಸ್ತಿ’. ಪರಸ್ಥಳದಲ್ಲಿ ರಾತ್ರಿ ಉಳಿದರೆ ಅದು ‘ವಸ್ತಿ’. ಸಂಜೆ ಹಳ್ಳಿಗೆ ಬಂದು ಅಲ್ಲಿಯೇ ತಂಗಿ ಮರುದಿನ ನಸುಕಿನಲ್ಲಿ ಹೊರಡುವ ವಾಹನ ‘ವಸ್ತಿ ಬಸ್ಸು’. ಪೇಟೆಯ ಲಾಡ್ಜಿನ ಫಲಕದ ಮೇಲೆ ‘ವಸತಿಗೃಹ’ ಎಂದು ಬರೆದಿರುತ್ತದೆ. ದೇವರ ಮನೆ, ರಾತ್ರಿಯ ತಂಗು, ಬಾಡಿಗೆಯ ಕೋಣೆ ಈ ಮೂರಕ್ಕೂ ಒಂದೇ ಧಾತುವಿನ ಶಬ್ದಗಳು ಸಲ್ಲುತ್ತಿರುವುದು ಕೇವಲ ಭಾಷಾಶಾಸ್ತ್ರದ ಕುತೂಹಲವಲ್ಲ. ಅದರ ಹಿಂದೆ ಒಂದು ಸಾಮಾಜಿಕ ಇತಿಹಾಸವಿದೆ. ಊರು ಬಿಟ್ಟು ಹೋದವನಿಗೆ ಸೂರು ಕೊಡುವ ಹೊಣೆ ಯಾರದು? ಆ ಸೂರಿಗೆ ಅರ್ಹನಾದ ಅತಿಥಿ ಯಾರು? ಈ ಎರಡು ಪ್ರಶ್ನೆಗಳಿಗೆ ಈ ಸೀಮೆ ಕಾಲಕಾಲಕ್ಕೆ ಕೊಟ್ಟ ಉತ್ತರಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಶಾಸ್ತ್ರದ ಮಾತು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಶ್ರಾವಕನ ಶಿಕ್ಷಾವ್ರತಗಳಲ್ಲಿ ‘ಅತಿಥಿಸಂವಿಭಾಗ’ವನ್ನು ಸೇರಿಸುತ್ತದೆ. ತಿಥಿ ಗೊತ್ತುಮಾಡದೆ ಬರುವವನು, ಸಂಯಮಕ್ಕೆ ಭಂಗವಾಗದಂತೆ ಸಂಚರಿಸುವವನು ಅತಿಥಿ ಎಂದು ವ್ಯಾಖ್ಯಾನಕಾರರು ಆ ಶಬ್ದವನ್ನು ಬಿಡಿಸುತ್ತಾರೆ. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ವ್ರತಕ್ಕೆ ‘ವೈಯಾವೃತ್ತ್ಯ’ವೆಂಬ ಹೆಸರಿಟ್ಟು, ಅದನ್ನು ನಾಲ್ಕು ದಾನಗಳಾಗಿ ವಿಂಗಡಿಸಿದ್ದಾರೆ: ಆಹಾರ, ಔಷಧ, ಉಪಕರಣ, ಆವಾಸ. ಕನ್ನಡ ಶಾಸನಗಳಲ್ಲಿ ನಮಗೆ ಪದೇ ಪದೇ ಎದುರಾಗುವ ಚತುರ್ವಿಧದಾನ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬುದು. ಎರಡನ್ನೂ ಎದುರುಬದುರು ಇಟ್ಟು ನೋಡಿದರೆ, ಶಾಸನಗಳು ‘ಅಭಯ’ ಎನ್ನುವ ಕಡೆ ಸಮಂತಭದ್ರರು ‘ಆವಾಸ’ ಎನ್ನುತ್ತಿರುವುದು ಗೋಚರಿಸುತ್ತದೆ. ಪರದೇಶಿಗೆ ತಂಗಲು ಎಡೆ ಕೊಡುವುದೂ ಅವನ ಭಯವನ್ನು ಕಳೆಯುವುದೂ ಒಂದಕ್ಕೊಂದು ಹತ್ತಿರದ ಕ್ರಿಯೆಗಳು. ಗುರುತಿಲ್ಲದ ನಗರದಲ್ಲಿ ಕತ್ತಲಾದ ಮೇಲೆ ಬಂದಿಳಿದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ.

ಆವಾಸದಾನಕ್ಕೆ ಸಮಂತಭದ್ರರು ಸೂಚಿಸುವ ದೃಷ್ಟಾಂತ ಒಂದು ಕಾಡುಹಂದಿಯದು. ವ್ಯಾಖ್ಯಾನದಲ್ಲಿ ಬರುವ ಅದರ ಕಥೆ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಒಂದು ಊರಿನಲ್ಲಿ ಇಬ್ಬರು ಕೂಡಿ ದಾರಿಹೋಕರಿಗಾಗಿ ಒಂದು ತಂಗುದಾಣ ಕಟ್ಟಿಸಿದರು. ಒಬ್ಬನು ಅಲ್ಲಿ ಜೈನ ಮುನಿಯೊಬ್ಬನಿಗೆ ಎಡೆ ಕೊಟ್ಟನು. ಮತ್ತೊಬ್ಬನು ತನಗೆ ಬೇಕಾದ ಪರಿವ್ರಾಜಕನನ್ನು ಕರೆತಂದು ಇರಿಸಿ, ಮುನಿಯನ್ನು ಹೊರಗಟ್ಟಿದನು. ಮುನಿ ಆ ರಾತ್ರಿಯನ್ನು ಮರದ ಕೆಳಗೆ ಚಳಿಯಲ್ಲಿ ಕಳೆದನು. ಮರುದಿನ ಇಬ್ಬರೂ ಜಗಳಾಡಿ ಸತ್ತು, ಒಬ್ಬನು ಹಂದಿಯಾಗಿಯೂ ಇನ್ನೊಬ್ಬನು ಹುಲಿಯಾಗಿಯೂ ಹುಟ್ಟಿದರು. ಗುಹೆಯಲ್ಲಿ ತಂಗಿದ್ದ ಮುನಿಗಳನ್ನು ತಿನ್ನಲು ಹುಲಿ ಬಂದಾಗ ಹಂದಿ ಅಡ್ಡ ನಿಂತು ಕಾದಾಡಿತು. ಎರಡೂ ಸತ್ತವು, ಹಂದಿಗೆ ಸ್ವರ್ಗ, ಹುಲಿಗೆ ನರಕ. ಕಥೆಯ ಧಾರ್ಮಿಕ ಫಲಶ್ರುತಿ ಹಾಗಿರಲಿ. ಇತಿಹಾಸದ ವಿದ್ಯಾರ್ಥಿ ಗಮನಿಸಬೇಕಾದ ಅಂಶ ಬೇರೆಯಿದೆ. ಇಬ್ಬರೂ ಕೂಡಿ ಕಟ್ಟಿಸಿದ ಕಟ್ಟಡ ಅದು. ಕಟ್ಟುವಾಗ ಜಗಳವಿರಲಿಲ್ಲ, ಒಳಗೆ ಯಾರನ್ನು ಬಿಡಬೇಕೆಂಬಲ್ಲಿ ಜಗಳ ಹುಟ್ಟಿತು. ತಂಗುದಾಣದ ಚರಿತ್ರೆಯುದ್ದಕ್ಕೂ ಈ ಜಗಳ ಬೇರೆ ಬೇರೆ ವೇಷಗಳಲ್ಲಿ ಮರಳಿ ಬರುತ್ತದೆ.

ಇನ್ನು ಶಾಸನಗಳು. ಗೋಕಾಕ ಜಲಪಾತಕ್ಕೆ ಸಮೀಪದ ಕೊಣ್ಣೂರು ಶಾಸನಗಳಲ್ಲಿ ಕೊಂಡನೂರು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, 1087ರಲ್ಲಿ, ನಿಧಿಯಮ ಗಾಮುಂಡನು ಅಲ್ಲಿ ಕಟ್ಟಿಸಿದ ಜಿನಾಲಯಕ್ಕೆ ದತ್ತಿ ದೊರೆಯಿತು. ಇತ್ತೀಚೆಗೆ ಗೋಕಾಕದಿಂದ ಬೇರ್ಪಟ್ಟ ಮೂಡಲಗಿ ತಾಲೂಕಿನ ಕಲ್ಲೋಳಿ ಶಾಸನದ ಸಿಂದನ ಕಲ್ಪೊಳೆ. ಅಲ್ಲಿಯ ಶಾಂತಿನಾಥ ಬಸದಿಗೆ 1204ರಲ್ಲಿ, ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನೂ ಅವನ ತಮ್ಮ ಮಲ್ಲಿಕಾರ್ಜುನನೂ ವೇಣುಗ್ರಾಮದಲ್ಲಿ ಆಳುತ್ತಿದ್ದ ಕಾಲದಲ್ಲಿ, ಶುಭಚಂದ್ರ ಭಟ್ಟಾರಕರಿಗೆ ದತ್ತಿ ಸಂದಿತು. ವೇಣುಗ್ರಾಮವೆಂದರೆ ಇಂದಿನ ಬೆಳಗಾವಿ. ಅದೇ ಕಾಲದಲ್ಲಿ ಅಲ್ಲಿ ಬೀಚಿರಾಜನ ರಟ್ಟ ಜಿನಾಲಯಕ್ಕೂ ದತ್ತಿಗಳು ದೊರೆತವು. ಆ ದಾನಿಗಳಲ್ಲಿ ಲಾಳ ಮತ್ತು ಮಲೆಯಾಳ ದೇಶಗಳ ವರ್ತಕರೂ ಇದ್ದರು. ಲಾಳ ಎಂದರೆ ಗುಜರಾತಿನ ದಕ್ಷಿಣ ಭಾಗ. ಏಳು ನೂರು ವರ್ಷಗಳ ಬಳಿಕ ಗೋಕಾಕದ ಯಾತ್ರಿಕನಿಗೆ ಮುಂಬಯಿಯಲ್ಲಿ ಸೂರು ಒದಗಿಸಿದವನೂ ಅದೇ ದಿಕ್ಕಿನ ವರ್ತಕನೇ ಎಂಬುದನ್ನು ಮುಂದೆ ನೋಡಲಿದ್ದೇವೆ.

ಇಂಥ ದತ್ತಿಶಾಸನಗಳ ಉದ್ದೇಶವಾಕ್ಯಗಳು ನಮಗೆ ಚಿರಪರಿಚಿತ: ಅಷ್ಟವಿಧಾರ್ಚನೆ, ಜೀರ್ಣೋದ್ಧಾರ, ಋಷಿಯರ ಆಹಾರದಾನ. ಮಳೆಗಾಲದ ನಾಲ್ಕು ತಿಂಗಳನ್ನುಳಿದು ಜೈನ ಮುನಿ ಸದಾ ಸಂಚಾರಿ. ಬೆಳಗಾವಿ ಸೀಮೆಯ ಬಸದಿಗಳು ಅಂಥ ಸಂಚಾರಿಗಳಿಗೆ ನಿಲುಗಡೆಗಳಾಗಿದ್ದುವು. ಹೊಲ, ತೋಟ, ಗಾಣ, ಅಂಗಡಿಗಳ ಆದಾಯವನ್ನು ಶಾಶ್ವತವಾಗಿ ಬಿಟ್ಟುಕೊಟ್ಟು, ಯಾವ ದಿನ ಯಾರು ಬಂದರೂ ಊಟವಿರುವಂತೆ ವ್ಯವಸ್ಥೆ ಮಾಡಲಾಗುತ್ತಿತ್ತು. ಒಟ್ಟಿನಲ್ಲಿ 11–13ನೆಯ ಶತಮಾನದ ಅತಿಥಿ ಮುನಿ; ಆತಿಥೇಯರು ಅರಸ, ಗಾಮುಂಡ, ವರ್ತಕ ಸಂಘ; ಸಾಧನ ಭೂಮಿ. ಸಾಮಾನ್ಯ ಗೃಹಸ್ಥ ಪರಸ್ಥಳಕ್ಕೆ ಹೋದರೆ ಬಂಧುಗಳ ಮನೆ, ಗುಡಿಯ ಪೌಳಿ, ಊರ ಚಾವಡಿ, ಛತ್ರ ಇವೇ ಅವನಿಗೆ ಗತಿ. ಬಸದಿಯ ದತ್ತಿಯಲ್ಲಿ ಅವನಿಗೆಂದು ಮೀಸಲಾದ ಪಾಲು ಕಾಣುವುದಿಲ್ಲ.

ಈ ಚಿತ್ರ ಬುಡಸಮೇತ ಬದಲಾದದ್ದು 19ನೆಯ ಶತಮಾನದ ಕೊನೆಯಲ್ಲಿ. ಬೆಳಗಾವಿ ಜಿಲ್ಲೆ 1956ರವರೆಗೂ ಮುಂಬಯಿ ಆಡಳಿತಕ್ಕೆ ಸೇರಿತ್ತು. ಆದ್ದರಿಂದ ಗೋಕಾಕ, ಹುಕ್ಕೇರಿಗಳವರ ಬಾಯಲ್ಲಿ ‘ದೊಡ್ಡ ಪಟ್ಟಣ’ವೆಂದರೆ ಬೆಂಗಳೂರಲ್ಲ, ಮುಂಬಯಿ. ಹೈಕೋರ್ಟು ಅಲ್ಲಿ, ವಿಶ್ವವಿದ್ಯಾಲಯ ಅಲ್ಲಿ, ಹತ್ತಿ ಮತ್ತು ಬಟ್ಟೆಯ ದೊಡ್ಡ ಪೇಟೆಯೂ ಅಲ್ಲಿಯೇ. 1882ರಲ್ಲಿ ರೂಪುಗೊಂಡ ಸದರ್ನ್ ಮರಾಠಾ ರೈಲ್ವೆ ಹಾಕಿದ ಮೀಟರ್ ಗೇಜ್ ದಾರಿ ಬೆಳಗಾವಿಯಿಂದ ಪಾಚ್ಛಾಪುರ, ಗೋಕಾಕ ರೋಡ, ಘಟಪ್ರಭಾ, ಮಿರಜಗಳ ಮೂಲಕ ಪುಣೆಗೆ ಹೋಯಿತು. ಆದರೆ ಈ ದಾರಿ ಮೂರೂ ಊರುಗಳನ್ನು ಮುಟ್ಟಲಿಲ್ಲ. ಗೋಕಾಕ ರೋಡ ಎಂಬ ನಿಲ್ದಾಣದ ಹೆಸರೇ ಅದನ್ನು ಹೇಳುತ್ತದೆ: ಅದು ಗೋಕಾಕವಲ್ಲ, ಗೋಕಾಕಕ್ಕೆ ಹೋಗುವ ದಾರಿ. ಹುಕ್ಕೇರಿಯವರೂ ಮೂಡಲಗಿಯವರೂ ಚಕ್ಕಡಿ ಕಟ್ಟಿಕೊಂಡು ನಿಲ್ದಾಣಕ್ಕೆ ಬರಬೇಕು. ಪುಣೆಯಲ್ಲಿ ಇಳಿದು ಜಿ.ಐ.ಪಿ. ರೈಲ್ವೆಯ ಅಗಲ ಹಳಿಯ ಗಾಡಿ ಹಿಡಿದು, ಘಾಟು ಇಳಿದು ಬೋರಿಬಂದರ ಸೇರಬೇಕು. ಅಲ್ಲಿಂದ ಮುಂದೆ ಟ್ರಾಮು. 1874ರಿಂದ ಕುದುರೆ ಎಳೆಯುತ್ತಿದ್ದದ್ದು, 1907ರಿಂದ ವಿದ್ಯುತ್ತಿನದು. ಗಂಟು ಹೊತ್ತವರು ಟಾಂಗಾ ಮಾಡಿಕೊಳ್ಳಬೇಕು, ಇಲ್ಲವೇ ನಡೆಯಬೇಕು.

ರೈಲು ಅವನನ್ನು ಮುಂಬಯಿಗೆ ತಂದು ಬಿಟ್ಟಿತು. ಎಲ್ಲಿ ಮಲಗಬೇಕೆಂಬುದನ್ನು ರೈಲು ಹೇಳಲಿಲ್ಲ. ಆ ಕಾಲದ ಸರಕಾರಿ ವ್ಯವಸ್ಥೆಯಲ್ಲಿ ಟ್ರಾವೆಲರ್ಸ್ ಬಂಗಲೆಯೂ ಧರ್ಮಶಾಲೆಯೂ ಬೇರೆ ಬೇರೆ ಜಾತಿಯ ಕಟ್ಟಡಗಳು. ಮೊದಲನೆಯದು ಮುಖ್ಯವಾಗಿ ದೊರೆಗಳಿಗೆ, ಎರಡನೆಯದು ‘ನೇಟಿವ್’ ದಾರಿಹೋಕರಿಗೆ. ಮುಂಬಯಿಯಂಥ ನಗರದಲ್ಲಿ ಹಣ ಕೊಟ್ಟರೆ ಸಿಗುವ ಹೋಟೆಲುಗಳೂ ಖಾನಾವಳಿಗಳೂ ಇದ್ದುವು. ಆದರೆ ಈ ಸೀಮೆಯ ಒಕ್ಕಲುತನದ ಜೈನ ಗೃಹಸ್ಥನಿಗೆ ಬೆಲೆ ಮೊದಲ ಪ್ರಶ್ನೆಯಾಗಿರಲಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಊಟ ಸಿಕ್ಕೀತೆ? ನೀರು ಸೋಸಿ ಕೊಡುವರೆ, ಇಲ್ಲವೆ ತಾನೇ ಸೋಸಿಕೊಳ್ಳಲು ಬಾವಿ ಇದೆಯೆ? ಅಡುಗೆಯಲ್ಲಿ ಕಂದಮೂಲ ಬೀಳದೆ? ಸ್ವಂತ ಅಡುಗೆ ಮಾಡಿಕೊಳ್ಳಲು ಒಲೆ, ಪಾತ್ರೆ ಕೊಡುವರೆ? ಬೆಳಗ್ಗೆ ದರ್ಶನಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಬಸ್ತಿ ಇದೆಯೆ? ಹೆಂಗಸರನ್ನು ಕರೆತಂದರೆ ನಿಶ್ಚಿಂತೆಯಿಂದ ಇರಿಸಬಹುದೆ? ಈ ಪ್ರಶ್ನೆಗಳಿಗೆ ಉತ್ತರ ಸಿಗದ ಕಡೆ ಅಗ್ಗದ ಕೋಣೆಯೂ ಅವನಿಗೆ ನಿರುಪಯುಕ್ತ. ಇಂದು ಪ್ರವಾಸಿಗಳು ಕೋಣೆಯ ಚಿತ್ರ, ದರ, ಮೆಟ್ರೋ ನಿಲ್ದಾಣದ ದೂರ ನೋಡಿ ಆಯ್ಕೆ ಮಾಡುವಂತೆಯೇ ಅಂದಿನವರಿಗೂ ಆಯ್ಕೆಯ ಮಾನದಂಡಗಳಿದ್ದುವು. ಅವು ವ್ರತದಿಂದ ಹುಟ್ಟಿದವು.

ಈ ಪ್ರಶ್ನೆಗಳಿಗೆ ಮುಂಬಯಿಯಲ್ಲಿ ಉತ್ತರ ಕೊಟ್ಟವರು ಸೂರತ ಮೂಲದ ರತ್ನಪಡಿ ವ್ಯಾಪಾರಿ ಸೇಠ್ ಮಾಣಿಕಚಂದ ಹೀರಾಚಂದ ಝವೇರಿ (1851–1914). ಕನ್ನಡ ನಾಡಿನ ಜೈನ ಸಾಹಿತ್ಯದ ಚರಿತ್ರೆಗೆ ಇವರ ಸಂಬಂಧ ಒಂದು ಯಾತ್ರೆಯಿಂದ ಆರಂಭವಾಯಿತು. 1883ರಲ್ಲಿ ಸಂಘ ಕಟ್ಟಿಕೊಂಡು ಮೂಡುಬಿದಿರೆಗೆ ಹೋದ ಅವರು ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳ ತಾಳೆಯೋಲೆಗಳ ದರ್ಶನ ಪಡೆದರು. ಅವುಗಳ ಸ್ಥಿತಿಯನ್ನು ಕಂಡು ಸೋಲಾಪುರದ ಸೇಠ್ ಹೀರಾಚಂದ ನೇಮಚಂದರ ಗಮನಕ್ಕೆ ತಂದರು. ಆ ಓಲೆಗಳ ಪ್ರತಿ ಮಾಡಿಸುವ ದೀರ್ಘ ಪ್ರಯತ್ನ ಅಲ್ಲಿಂದ ಮೊದಲಾಯಿತು. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಷಟ್ಖಂಡಾಗಮದ ಮೊದಲ ಸಂಪುಟ ಹೊರಬಂದುದು ಈ ಸರಣಿಯ ಫಲ. ಯಾತ್ರಿಕನೊಬ್ಬ ದೂರದ ಊರಿನಲ್ಲಿ ತಂಗಿದ್ದರಿಂದ ಒಂದು ಆಗಮ ಗ್ರಂಥ ಬೆಳಕಿಗೆ ಬಂದಿತು ಎಂದರೆ ಉತ್ಪ್ರೇಕ್ಷೆಯಾಗದು.

ಅದೇ ಮಾಣಿಕಚಂದರು 20ನೆಯ ಶತಮಾನದ ಮೊದಲ ದಶಕದಲ್ಲಿ ತಂದೆಯ ಹೆಸರಿನಲ್ಲಿ ಮುಂಬಯಿಯ ಸಿ.ಪಿ. ಟ್ಯಾಂಕ್ ಬಳಿ ‘ಹೀರಾಬಾಗ’ ಧರ್ಮಶಾಲೆಯನ್ನು ಕಟ್ಟಿಸಿದರು. ಅದರ ಸ್ಥಳವನ್ನು ಗಮನಿಸಬೇಕು. ಬೋರಿಬಂದರದಿಂದ ನಡೆದು ಹೋಗಬಹುದಾದಷ್ಟು ದೂರ; ಸುತ್ತ ಗಿರಗಾಂವ, ಭುಲೇಶ್ವರಗಳ ಹಳೆಯ ವಸತಿ; ಬಟ್ಟೆ ಪೇಟೆ ಮತ್ತು ಜಿನಮಂದಿರಗಳು ಹತ್ತಿರ. ರೈಲು ಇಳಿದವನಿಗೆ, ವ್ಯವಹಾರಕ್ಕೆ ಬಂದವನಿಗೆ, ದರ್ಶನದ ನಿಯಮವಿದ್ದವನಿಗೆ ಮೂರಕ್ಕೂ ಅನುಕೂಲ. ಇಲ್ಲಿ ಅತಿಥಿಯ ಅರ್ಥ ಮೊದಲ ಬಾರಿಗೆ ಹಿಗ್ಗಿತು. ಕಲ್ಲೋಳಿಯ ದತ್ತಿ ಮುನಿಗಾಗಿ. ಹೀರಾಬಾಗದ ಕೋಣೆ ಗೃಹಸ್ಥ ಯಾತ್ರಿಕನಿಗಾಗಿ. ಸಾಧನವೂ ಬದಲಾಯಿತು: ಹೊಲದ ಆದಾಯದ ಬದಲು ವ್ಯಾಪಾರದ ಲಾಭ, ರಾಜಶಾಸನದ ಬದಲು ಟ್ರಸ್ಟಿನ ದಸ್ತಾವೇಜು.

ಹೀರಾಬಾಗದಲ್ಲಿ ಯಾತ್ರಿಕರ ಗಂಟುಗಳ ಜೊತೆಗೆ ಪುಸ್ತಕಗಳೂ ಇದ್ದುವು. ಪಂಡಿತ ನಾಥೂರಾಮ ಪ್ರೇಮಿಯವರ ಹಿಂದೀ ಗ್ರಂಥರತ್ನಾಕರ ಕಾರ್ಯಾಲಯದ ವಿಳಾಸ ಹೀರಾಬಾಗ, ಗಿರಗಾಂವ. ಮಾಣಿಕಚಂದರ ಸ್ಮರಣೆಗಾಗಿ ಆರಂಭವಾದ ಮಾಣಿಕಚಂದ್ರ ದಿಗಂಬರ ಜೈನ ಗ್ರಂಥಮಾಲೆಯೂ ಪ್ರೇಮಿಯವರ ದುಡಿಮೆಯಿಂದ ಅಲ್ಲಿಂದಲೇ ಪ್ರಕಟವಾಯಿತು. ಸಂಸ್ಕೃತ, ಪ್ರಾಕೃತ, ಅಪಭ್ರಂಶಗಳ ಎಷ್ಟೋ ಜೈನ ಕೃತಿಗಳು ಈ ಮಾಲೆಯ ಮೂಲಕ ಮೊದಲ ಬಾರಿಗೆ ಅಚ್ಚಿನ ರೂಪ ಕಂಡವು. ನಮ್ಮ ಸೀಮೆಗೆ ಇದರ ಮಹತ್ವ ತಿಳಿಯಬೇಕಾದರೆ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆದಿನಾಥ ನೇಮಿನಾಥ ಉಪಾಧ್ಯೆಯವರನ್ನು ನೆನೆಯಬೇಕು. ಬೆಳಗಾವಿಯಲ್ಲಿ ಪ್ರೌಢಶಾಲೆ, 1930ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಎಂ.ಎ., ಬಳಿಕ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಪ್ರಾಧ್ಯಾಪಕತ್ವ. 1935ರಲ್ಲಿ ಅವರ ಪ್ರವಚನಸಾರದ ಆವೃತ್ತಿ ಮುಂಬಯಿಯಿಂದಲೇ ಹೊರಬಂದಿತು. 1938ರಲ್ಲಿ ಜಟಾಸಿಂಹನಂದಿಯ ವರಾಂಗಚರಿತವನ್ನು ಕನ್ನಡ ಲಿಪಿಯ ಓಲೆಗಳಿಂದ ಎತ್ತಿ ಸಂಪಾದಿಸಿಕೊಟ್ಟದ್ದು ಇದೇ ಮಾಣಿಕಚಂದ್ರ ಗ್ರಂಥಮಾಲೆಗೆ. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಈ ವಿದ್ವಾಂಸರ ಕೃತಿಗೂ ಯಾತ್ರಿಕರ ಧರ್ಮಶಾಲೆಗೂ ಒಂದೇ ವಿಳಾಸ. ಕನ್ನಡ ನಾಡಿನ ಓಲೆಗರಿಗೆ ಮುಂಬಯಿಯಲ್ಲಿ ಬಿಡದಿ ದೊರೆತದ್ದು ಹೀಗೆ.

ಯಾತ್ರಿಕನ ಬಳಿಕ ಬಂದ ಮೂರನೆಯ ಅತಿಥಿ ವಿದ್ಯಾರ್ಥಿ. ನಿಪ್ಪಾಣಿ ಬಳಿಯ ಸ್ತವನಿಧಿ ಕ್ಷೇತ್ರದಲ್ಲಿ 1899ರಲ್ಲಿ ಸ್ಥಾಪಿತವಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಶಿಕ್ಷಣವನ್ನು ತನ್ನ ಮೊದಲ ಕೆಲಸವೆಂದು ಬಗೆಯಿತು. ಹಳ್ಳಿಯ ಹುಡುಗ ಕಾಲೇಜು ಸೇರಲಾಗದಿದ್ದುದಕ್ಕೆ ಶುಲ್ಕಕ್ಕಿಂತ ಊಟ ಮತ್ತು ಕೋಣೆಗಳೇ ದೊಡ್ಡ ಅಡ್ಡಿ ಎಂಬುದು ಅದರ ನಾಯಕರಿಗೆ ತಿಳಿದಿತ್ತು. ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಜೈನ ಬೋರ್ಡಿಂಗುಗಳು ಎದ್ದುವು. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಸಮುದಾಯಕ್ಕೊಂದರಂತೆ ವಿದ್ಯಾರ್ಥಿನಿಲಯಗಳಿಗೆ ಇಂಬು ಕೊಟ್ಟರು. ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಪ್ರಸಾದನಿಲಯ, ಧಾರವಾಡದಲ್ಲಿ ಮುರುಘಾಮಠದ ಪ್ರಸಾದನಿಲಯ ಗೋಕಾಕ, ಹುಕ್ಕೇರಿಗಳಂಥ ಊರುಗಳಿಂದ ಬಂದ ಎಷ್ಟೋ ಬಡ ಹುಡುಗರನ್ನು ಓದಿಸಿದುವು. ಮಾಣಿಕಚಂದರ ಮಗಳು ಮಗನಬಾಯಿಯವರು ಮುಂಬಯಿಯಲ್ಲಿ ಶ್ರಾವಿಕಾಶ್ರಮವನ್ನು ಸ್ಥಾಪಿಸಿ, ವಿಧವೆಯರಿಗೆ ನಗರದಲ್ಲಿ ಇರುವ ಎಡೆಯನ್ನೂ ಅಕ್ಷರವನ್ನೂ ಒಟ್ಟಿಗೆ ಕೊಟ್ಟರು. ಶಾಸನಗಳು ಬೇರೆ ಬೇರೆಯಾಗಿ ಎಣಿಸುತ್ತಿದ್ದ ಆಹಾರದಾನ, ಶಾಸ್ತ್ರದಾನಗಳೂ ಸಮಂತಭದ್ರರು ಹೇಳಿದ ಆವಾಸದಾನವೂ ಬೋರ್ಡಿಂಗಿನ ಒಂದೇ ಮಾಡಿನ ಕೆಳಗೆ ಕೂಡಿದುವು.

ಆದರೆ ಹಂದಿ–ಹುಲಿಗಳ ಜಗಳ ಇಲ್ಲಿಗೂ ಬಂದಿತು. ಬಿಡದಿ ಒಂದು ಸಮುದಾಯದ್ದಾದೊಡನೆ ಅದರ ಬಾಗಿಲಿಗೆ ಒಂದು ಹೊರಗೂ ಹುಟ್ಟುತ್ತದೆ. ಕುಂಭೋಜದಲ್ಲಿ 1887ರಲ್ಲಿ ಜೈನ ಮನೆತನದಲ್ಲಿ ಹುಟ್ಟಿದ ಭಾವುರಾವ ಪಾಟೀಲರು ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದರು. ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ತೆರೆದ ಮಿಸ್ ಕ್ಲಾರ್ಕ್ ವಸತಿಗೃಹದ ಸಮಾರಂಭಕ್ಕೆ ಹೋಗಿ ಬಂದ ಅವರಿಗೆ ಸ್ನಾನ ಮಾಡಿ ಒಳಗೆ ಬಾ ಎಂದು ಹೇಳಲಾಯಿತು; ಅವರು ಒಪ್ಪಲಿಲ್ಲ; ಬೋರ್ಡಿಂಗ್ ಬಿಡಬೇಕಾಯಿತು ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಈ ಪ್ರಸಂಗವನ್ನು ಸಂಸ್ಥೆಯೊಂದರ ದೂಷಣೆಗಾಗಿ ಬಳಸುವುದು ಅನುಚಿತ. ಅಂದಿನ ವಿದ್ಯಾರ್ಥಿನಿಲಯಗಳಲ್ಲಿ ಪಂಕ್ತಿಭೇದವೇ ರೂಢಿ. ಗಮನಾರ್ಹವಾದದ್ದು ಮುಂದಿನ ಸಂಗತಿ. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಭಾವುರಾವರು 1924ರಲ್ಲಿ ಇದೇ ರೈಲುದಾರಿಯ ಸಾತಾರೆಯಲ್ಲಿ ತೆರೆದ ಬೋರ್ಡಿಂಗಿನಲ್ಲಿ ಎಲ್ಲ ಜಾತಿಯ ಹುಡುಗರೂ ಒಂದೇ ಒಲೆಯ ಅಡುಗೆಯನ್ನು ತಾವೇ ಮಾಡಿ ಒಂದೇ ಪಂಕ್ತಿಯಲ್ಲಿ ಉಂಡರು. ಬೋರ್ಡಿಂಗು ಅವರಿಗೆ ಎರಡು ಪಾಠ ಕಲಿಸಿತ್ತು: ವಸತಿಯಿಲ್ಲದೆ ವಿದ್ಯೆಯಿಲ್ಲವೆಂಬುದು ಒಂದು, ವಸತಿಯ ಬಾಗಿಲು ಯಾರಿಗೂ ಮುಚ್ಚಬಾರದೆಂಬುದು ಇನ್ನೊಂದು. ಅತಿಥಿ ಎಂಬ ಶಬ್ದ ತನ್ನ ಪೂರ್ಣ ವ್ಯಾಪ್ತಿಯನ್ನು ಪಡೆದದ್ದು ಆ ಪಂಕ್ತಿಯಲ್ಲಿ.

ಹೀಗೆ ಕೊಣ್ಣೂರಿನ ದತ್ತಿಯಿಂದ ಸಾತಾರೆಯ ಪಂಕ್ತಿಯವರೆಗೆ ಒಂದು ಕ್ರಮವನ್ನು ಗುರುತಿಸಬಹುದು. ಅತಿಥಿಯಾಗಿ ಮೊದಲು ಮುನಿ, ಬಳಿಕ ಗೃಹಸ್ಥ ಯಾತ್ರಿಕ, ಬಳಿಕ ಸಮುದಾಯದ ವಿದ್ಯಾರ್ಥಿ, ಕಡೆಗೆ ಯಾವ ವಿದ್ಯಾರ್ಥಿಯಾದರೂ ಸರಿ. ಪ್ರತಿ ಹಂತದಲ್ಲಿಯೂ ಹಳೆಯ ಅತಿಥಿ ಹೋಗಲಿಲ್ಲ, ಹೊಸಬನಿಗೆ ಜಾಗವಾಯಿತು. ಇಂದಿನ ಹೋಟೆಲು ಈ ಸರಣಿಯಲ್ಲಿ ಕೊನೆಯದೆಂದು ತೋರಬಹುದು, ಏಕೆಂದರೆ ಹಣ ಕೊಟ್ಟ ಯಾರೂ ಅಲ್ಲಿ ಅತಿಥಿಯೇ. ಆದರೆ ಅದು ಬೇರೆ ಸರಣಿಗೆ ಸೇರಿದ್ದು. ಅಲ್ಲಿ ಸಂವಿಭಾಗವಿಲ್ಲ, ಎಂದರೆ ತನ್ನ ಪಾಲಿನಲ್ಲಿ ಇನ್ನೊಬ್ಬನಿಗೆ ಪಾಲು ಕೊಡುವ ಕ್ರಿಯೆಯಿಲ್ಲ. ಹಣವಿದ್ದವನಿಗೆ ಅದು ಬಹುದೊಡ್ಡ ಬಿಡುಗಡೆ; ಯಾರೂ ಗೋತ್ರ ಕೇಳುವುದಿಲ್ಲ. ಹಣವಿಲ್ಲದ ವಿದ್ಯಾರ್ಥಿಗೆ, ಆಸ್ಪತ್ರೆಯ ಮುಂದೆ ಕಾಯುವ ಬಂಧುವಿಗೆ, ಹಸ್ತಪ್ರತಿ ನೋಡಲು ಬಂದ ಸಂಶೋಧಕನಿಗೆ ಇಂದಿಗೂ ಧರ್ಮಶಾಲೆಯೋ ಮಠವೋ ಬೋರ್ಡಿಂಗೋ ಬೇಕು.

ಕೊನೆಯದಾಗಿ ಸಂಶೋಧಕರಿಗೆ ಒಂದು ಸೂಚನೆ. ಕೊಣ್ಣೂರು, ಕಲ್ಲೋಳಿಗಳ ಶಾಸನಗಳು 19ನೆಯ ಶತಮಾನದಲ್ಲಿಯೇ ಜೆ.ಎಫ್. ಫ್ಲೀಟರ ಕೈಯಲ್ಲಿ ಪ್ರಕಟವಾಗಿ ಉಳಿದುವು. ಧರ್ಮಶಾಲೆಗಳ ‘ಶಾಸನ’ಗಳನ್ನು ಇನ್ನೂ ಯಾರೂ ಕ್ರಮವಾಗಿ ಸಂಗ್ರಹಿಸಬೇಕಾಗಿದೆ. ಕೋಣೆಯ ಬಾಗಿಲ ಮೇಲೆ ದಾನಿಯ ಹೆಸರು, ಊರು, ಸಂವತ್ಸರ ಕೆತ್ತಿದ ಅಮೃತಶಿಲೆಯ ತುಂಡು, ಬಂದವರ ಹೆಸರು, ಊರು, ಬಂದ ಕಾರಣ ಬರೆಸಿಕೊಂಡ ವಹಿ, ಬೋರ್ಡಿಂಗಿನ ದಾಖಲಾತಿ ಪುಸ್ತಕ, ಅಡುಗೆಮನೆಯ ಲೆಕ್ಕ, ನಿಯಮಗಳನ್ನು ಅಚ್ಚು ಹಾಕಿಸಿ ಗೋಡೆಗೆ ಹಚ್ಚಿದ ಹಾಳೆ. ಗೋಕಾಕದಿಂದ ಯಾರು, ಯಾವ ವರ್ಷ, ಏತಕ್ಕಾಗಿ ಪಟ್ಟಣಕ್ಕೆ ಹೋದರೆಂಬುದನ್ನು ಇವು ಹೇಳಬಲ್ಲವು. ಯಾರಿಗೆ ಕೋಣೆ ಇಲ್ಲವೆನ್ನಲಾಯಿತೆಂಬುದನ್ನೂ ಆ ನಿಯಮದ ಹಾಳೆಯಿಂದ ಊಹಿಸಬಹುದು. ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಎತ್ತುವಾಗ ಮೊದಲು ಕಸಕ್ಕೆ ಹೋಗುವುವು ಇವೇ. ಮುಂದಿನ ಸಲ ಕೆಲಸಕ್ಕೆಂದು ಪಟ್ಟಣಕ್ಕೆ ಹೋದವರು ಯಾವುದಾದರೂ ಹಳೆಯ ಧರ್ಮಶಾಲೆಯಲ್ಲಿ ಇಳಿದರೆ, ಕೋಣೆಯ ಬಾಗಿಲ ಮೇಲಿನ ಕಲ್ಲನ್ನು ಓದಿ ಬರೆದುಕೊಳ್ಳಲಿ. ವ್ಯವಸ್ಥಾಪಕರನ್ನು ವಿನಯದಿಂದ ಕೇಳಿಕೊಂಡು ಹಳೆಯ ವಹಿಯ ಛಾಯಾಚಿತ್ರ ತೆಗೆದುಕೊಳ್ಳಲಿ. ಬಸದಿಯ ಶಾಸನ ಓದುವ ಶ್ರದ್ಧೆಯಿಂದಲೇ ವಸತಿಯ ವಹಿಯನ್ನೂ ಓದಿದರೆ ಈ ಸೀಮೆಯ ಸಾಮಾಜಿಕ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ನಮ್ಮ ಕೈಸೇರುತ್ತದೆ.